ಹಳ್ಳಿಯ ಶಾಲೆಯ ಕಟ್ಟಡ

ವಿದ್ಯಾಭ್ಯಾಸದ ವಿಷಯವಾಗಿ ಮಾತು ಬಂದಾಗ ನಾವು ಪಠ್ಯಪುಸ್ತಕಗಳನ್ನು ಕುರಿತು ಚರ್ಚಿಸುತ್ತೇವೆ. ಉಪಾಧ್ಯಾಯರ ಯೋಗ್ಯತೆ, ಪರೀಕ್ಷೆಗಳ ಕ್ರಮ, ಬೋಧನೆಯ ಭಾಷೆ ಇವುಗಳನ್ನು ಕುರಿತು ವಾದಿಸುತ್ತೇವೆ. ಮಗು ದಿನವೆಲ್ಲ ಕುಳಿತಿರುವ ಕೊಠಡಿಯ ಮಾತು ಮಾತ್ರ ನಮ್ಮ ನಡುವೆ ಬರುವುದು ಅಪೂರ್ವ. ಅದು ಇಂಜಿನಿಯರುಗಳಿಗೂ ಕಂಟ್ರಾಕ್ಟುದಾರರಿಗೂ ಸೇರಿದ ಕೆಲಸವೆಂದು ಸುಮ್ಮನಾಗುತ್ತೇವೆ. ಆದರೆ ಬೇಸಗೆಯ ಒಂದು ಮಧ್ಯಾಹ್ನ, ಎರಡು ಗಂಟೆಯ ಹೊತ್ತಿನಲ್ಲಿ, ತಗಡಿನ ಮಾಡಿನ ಕೆಳಗೆ ನೂರು ಮಕ್ಕಳು ಒತ್ತಾಗಿ ಕುಳಿತಿರುವ ಒಂದು ಕೊಠಡಿಯನ್ನು ಮನಸ್ಸಿಗೆ ತಂದುಕೊಳ್ಳೋಣ. ಅಲ್ಲಿ ಮಗ್ಗಿಯನ್ನು ಕಲಿಯುವವರು ಯಾರು, ಕಲಿಸುವವರು ಯಾರು? ಬೆವರನ್ನು ಒರಸಿಕೊಳ್ಳುವುದೇ ಗುರುವಿಗೂ ಶಿಷ್ಯರಿಗೂ ಮುಖ್ಯವಾದ ಕಾರ್ಯವಾಗಿರುತ್ತದೆ. ಮಳೆ ಬಂದರಂತೂ ತಗಡಿನ ಮೇಲೆ ಬೀಳುವ ಹನಿಗಳ ಸದ್ದಿನಲ್ಲಿ ಉಪಾಧ್ಯಾಯರ ಮಾತು ಎರಡನೆಯ ಸಾಲಿಗೂ ಮುಟ್ಟಲಾರದು. ಇಂಥ ಕೊಠಡಿಯಲ್ಲಿ ಎಷ್ಟು ಒಳ್ಳೆಯ ಪುಸ್ತಕವಿದ್ದರೇನು, ಎಷ್ಟು ಬಲ್ಲ ಉಪಾಧ್ಯಾಯರಿದ್ದರೇನು?

ಉಷ್ಣದೇಶಗಳ ಹಳ್ಳಿಗಳಲ್ಲಿ ಇಂಥ ಶಾಲೆಗಳು ಸಾವಿರಗಟ್ಟಲೆ ಇವೆ. ಸಿಮೆಂಟಿನ ನಾಲ್ಕು ಗೋಡೆ, ಎರಡು ಸಣ್ಣ ಕಿಟಕಿ, ಮೇಲೊಂದು ತಗಡು. ಇವನ್ನು ಕಟ್ಟಿಸಿದವರ ಮನಸ್ಸಿನಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಒಂದೇ ನಕ್ಷೆ ಎಲ್ಲ ಊರಿಗೂ ಒದಗುತ್ತದೆ. ಒಂದೇ ಅಂದಾಜುಪಟ್ಟಿಯನ್ನು ಎಲ್ಲ ಕಚೇರಿಗಳಿಗೂ ಕಳುಹಿಸಬಹುದು. ಕೆಲಸ ಬೇಗ ಮುಗಿಯುತ್ತದೆ. ಹಣ ಕೊಟ್ಟವರಿಗೆ ತೋರಿಸಲು ಛಾಯಾಚಿತ್ರವೂ ಅಚ್ಚುಕಟ್ಟಾಗಿ ಬರುತ್ತದೆ. ಆದರೆ ಆ ಸಿಮೆಂಟು ಬಹು ದೂರದಿಂದ ಬರಬೇಕು. ಕಟ್ಟುವವರೂ ದೂರದಿಂದ ಬಂದು, ಕಟ್ಟಿ, ಹೊರಟುಹೋಗುತ್ತಾರೆ. ಹತ್ತು ವರ್ಷಗಳ ಮೇಲೆ ತಗಡು ಗಾಳಿಗೆ ಹಾರಿದರೆ ಅದನ್ನು ಮತ್ತೆ ಕೂಡಿಸಲು ಬಲ್ಲವರು ಊರಿನಲ್ಲಿ ಯಾರೂ ಇರುವುದಿಲ್ಲ. ಹೀಗೆ ಆ ಕಟ್ಟಡವು ಊರಿನ ನಡುವೆ ಇದ್ದೂ ಊರಿನದಾಗದೆ ಉಳಿಯುತ್ತದೆ.

ಹಾಗಾದರೆ ಬಡ ಹಳ್ಳಿಯೊಂದರಲ್ಲಿ ಶಾಲೆಯನ್ನು ಹೇಗೆ ಕಟ್ಟಿದರೆ ಅದು ಮಕ್ಕಳಿಗೆ ಹಿತವಾಗಿ, ಊರಿನ ಶಕ್ತಿಗೆ ನಿಲುಕುವಂತಿದ್ದು, ಬಹುಕಾಲ ಬಾಳೀತು? ಈ ಪ್ರಶ್ನೆಗೆ ಪುಸ್ತಕದ ಉತ್ತರಗಳು ಅನೇಕ ಉಂಟು. ನಾವು ಇಂದು ಮಣ್ಣಿನಲ್ಲಿ ಕಟ್ಟಿ ತೋರಿಸಿದ ಉತ್ತರವೊಂದನ್ನು ಮುಖ್ಯವಾಗಿ ಪರಿಶೀಲಿಸೋಣ.

ಪಶ್ಚಿಮ ಆಫ್ರಿಕದಲ್ಲಿ ಬುರ್ಕಿನ ಫಾಸೊ ಎಂಬ ದೇಶವೊಂದಿದೆ. ಅದಕ್ಕೆ ಸಮುದ್ರತೀರವಿಲ್ಲ, ಉತ್ತರದ ಕಡೆಗೆ ಹೋದಷ್ಟೂ ಸಹಾರ ಮರುಭೂಮಿಯ ಬಿಸಿಲು ಸಮೀಪಿಸುತ್ತದೆ. ಫ್ರೆಂಚರ ಆಳ್ವಿಕೆಯಲ್ಲಿ ಅಪ್ಪರ್ ವೋಲ್ಟ ಎನ್ನಿಸಿಕೊಂಡಿದ್ದ ಈ ನಾಡು ೧೯೬೦ರಲ್ಲಿ ಸ್ವತಂತ್ರವಾಗಿ, ೧೯೮೪ರಲ್ಲಿ ಈಗಿನ ಹೆಸರನ್ನು ತಳೆಯಿತು. ಇದರ ರಾಜಧಾನಿಯಾದ ವಾಗಡೂಗುವಿನಿಂದ ಸುಮಾರು ೨೦೦ ಕಿಲೋಮೀಟರುಗಳ ದೂರದಲ್ಲಿ ಗಾಂದೊ ಎಂಬ ಹಳ್ಳಿಯಿದೆ. ೧೯೬೫ರಲ್ಲಿ ಆ ಹಳ್ಳಿಯ ಮುಖ್ಯಸ್ಥನ ಮನೆಯಲ್ಲಿ ದಿಯೆಬೆದೊ ಫ್ರಾನ್ಸಿಸ್ ಕೆರೆ ಎಂಬವನು ಹುಟ್ಟಿದನು. ಕೆರೆಯನ್ನು ಕಟ್ಟಿಸುವುದು ಪುಣ್ಯಕಾರ್ಯಗಳಲ್ಲಿ ದೊಡ್ಡದೆಂದು ಎಣಿಸುತ್ತ ಬಂದ ನಮ್ಮ ಕಿವಿಗೆ ಈ ಹೆಸರು ಪರಿಚಿತವೆಂಬಂತೆಯೇ ಕೇಳುತ್ತದೆ. ಊರಿನಲ್ಲಿ ಶಾಲೆಯಿರಲಿಲ್ಲ. ಏಳು ವರ್ಷದ ಹುಡುಗನು ತಾಯಿತಂದೆಗಳನ್ನು ಬಿಟ್ಟು ತೆಂಕೊದೊಗೊ ಎಂಬ ಪಟ್ಟಣಕ್ಕೆ ಓದಲು ಹೋದನು. ಗಾಂದೊವಿನಿಂದ ಶಾಲೆಗೆ ಹೋದವರಲ್ಲಿ ಇವನೇ ಮೊದಲನೆಯವನು. ಅಲ್ಲಿ ಅವನಿಗೆ ದೊರೆತ ಕೊಠಡಿಯು ನಾವು ಈಗತಾನೆ ವರ್ಣಿಸಿದಂಥದೇ: ಸಿಮೆಂಟಿನ ಗೋಡೆ, ಗಾಳಿಯಿಲ್ಲ, ಬೆಳಕಿಲ್ಲ, ಜೊತೆಗೆ ನೂರಕ್ಕೂ ಮಿಕ್ಕಿದ ಸಹಪಾಠಿಗಳು. ಎಂದಾದರೊಂದು ದಿನ ಇದಕ್ಕಿಂತ ಒಳ್ಳೆಯ ಶಾಲೆಯನ್ನು ಕಟ್ಟಬೇಕೆಂಬ ಸಂಕಲ್ಪವು ಆ ಬೇಗೆಯಲ್ಲಿಯೇ ಹುಟ್ಟಿತಂತೆ.

೧೯೮೫ರಲ್ಲಿ ಕೆರೆಯವರು ಬಡಗಿಯ ಕೆಲಸವನ್ನು ಕಲಿಯಲು ವಿದ್ಯಾರ್ಥಿವೇತನವನ್ನು ಪಡೆದು ಬರ್ಲಿನ್ ನಗರಕ್ಕೆ ಹೋದರು. ಮುಂದೆ ಅಲ್ಲಿಯ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ವಾಸ್ತುಶಿಲ್ಪದ ವಿದ್ಯಾರ್ಥಿಯಾದರು. ಓದು ಮುಗಿಯುವವರೆಗೂ ಅವರು ಕಾಯಲಿಲ್ಲ. ೧೯೯೮ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿರುವಾಗಲೇ, ಗಾಂದೊವಿಗೆ ಶಾಲೆಯನ್ನು ಕಟ್ಟುವುದಕ್ಕಾಗಿ ಒಂದು ಸಂಘವನ್ನು ಸ್ಥಾಪಿಸಿ ಹಣವನ್ನು ಕೂಡಿಸತೊಡಗಿದರು. ೨೦೦೧ರಲ್ಲಿ ಶಾಲೆಯು ಸಿದ್ಧವಾಯಿತು. ೨೦೦೪ರಲ್ಲಿ ಅದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ದೊರೆಯಿತು. ಅವರು ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದುದೂ ಅದೇ ವರ್ಷದಲ್ಲಿ. ೨೦೨೨ರಲ್ಲಿ ವಾಸ್ತುಶಿಲ್ಪಿಗಳಿಗೆ ಸಲ್ಲುವ ಅತ್ಯುನ್ನತ ಗೌರವವೆನ್ನಿಸಿದ ಪ್ರಿಟ್ಜ್‌ಕರ್ ಪ್ರಶಸ್ತಿಯೂ ಅವರಿಗೆ ಬಂದಿತು. ಆಫ್ರಿಕದವರೊಬ್ಬರಿಗೆ ಈ ಗೌರವವು ಸಂದುದು ಅದೇ ಮೊದಲು.

ಪ್ರಶಸ್ತಿಗಳ ಮಾತು ಹಾಗಿರಲಿ. ಆ ಶಾಲೆ ಹೇಗಿದೆ? ನೋಡಿದವರಿಗೆ ಅದು ಬಹು ಸರಳವಾಗಿ ಕಾಣುತ್ತದೆ. ಮೂರು ಕೊಠಡಿಗಳು ಒಂದೇ ಸಾಲಿನಲ್ಲಿವೆ. ಒಂದು ಕೊಠಡಿಗೂ ಇನ್ನೊಂದಕ್ಕೂ ನಡುವೆ ನಮ್ಮ ಮನೆಗಳ ಮೊಗಸಾಲೆಯಂಥ ತೆರೆದ ಜಾಗವಿದೆ. ಅದಕ್ಕೂ ಮಾಡು ಹರಡಿಕೊಂಡಿರುವುದರಿಂದ ಮಕ್ಕಳು ನೆರಳಿನಲ್ಲಿ ಕುಳಿತು ಓದಬಹುದು, ಆಡಬಹುದು. ಗೋಡೆಗಳು ಊರಿನ ಮಣ್ಣಿಗೆ ಸ್ವಲ್ಪ ಸಿಮೆಂಟನ್ನು ಬೆರಸಿ ಅಚ್ಚಿನಲ್ಲಿಟ್ಟು ಒತ್ತಿದ ಇಟ್ಟಿಗೆಗಳಿಂದ ಆದುವು. ಈ ಇಟ್ಟಿಗೆಯನ್ನು ಗೂಡಿನಲ್ಲಿ ಸುಡಬೇಕಾಗಿಲ್ಲ. ಆದಕಾರಣ ಸೌದೆಯ ಖರ್ಚಿಲ್ಲ, ಕಾಡಿಗೆ ಕೊಡಲಿ ತಗಲುವುದೂ ಇಲ್ಲ.

ನಿಜವಾದ ಜಾಣ್ಮೆಯಿರುವುದು ಮೇಲ್ಭಾಗದಲ್ಲಿ. ತಗಡನ್ನು ಕೆರೆಯವರು ಬಿಟ್ಟುಬಿಡಲಿಲ್ಲ. ಮಳೆಯನ್ನು ತಡೆಯಲು ಅದಕ್ಕಿಂತ ಹಗುರವಾದುದೂ ಅಗ್ಗವಾದುದೂ ಆ ಸೀಮೆಯಲ್ಲಿ ಇಲ್ಲ. ತಗಡಿನ ದೋಷವೆಲ್ಲ ಅದು ಕಾದು ಕೆಳಗಿರುವವರ ತಲೆಯ ಮೇಲೆ ಬೇಗೆಯನ್ನು ಸುರಿಸುವುದರಲ್ಲಿದೆ. ಆದುದರಿಂದ ಕೊಠಡಿಯ ಮೇಲೆ ಮೊದಲು ಮಣ್ಣಿನ ಇಟ್ಟಿಗೆಗಳದೇ ಒಂದು ಒಳಚಾವಣಿಯನ್ನು ಹಾಕಿ, ಅದರಲ್ಲಿ ಅಲ್ಲಲ್ಲಿ ಕಂಡಿಗಳನ್ನು ಬಿಟ್ಟರು. ತಗಡಿನ ಮಾಡನ್ನು ಅದರ ಮೇಲೆ, ನಡುವೆ ಗಾಳಿಯಾಡುವಷ್ಟು ಎತ್ತರದಲ್ಲಿ, ಕಬ್ಬಿಣದ ಸಲಾಕೆಗಳ ಚೌಕಟ್ಟಿನ ಮೇಲೆ ನಿಲ್ಲಿಸಿದರು. ಹೀಗಾಗಿ ತಗಡಿನ ಬೇಗೆಯು ಮಕ್ಕಳ ತಲೆಗೆ ತಾಕದೆ ನಡುವಣ ತೆರಪಿನಲ್ಲಿಯೇ ಗಾಳಿಗೆ ಸಿಕ್ಕಿ ಹಾರಿಹೋಗುತ್ತದೆ. ಕೊಠಡಿಯೊಳಗಣ ಬಿಸಿಗಾಳಿಯು ಹಗುರವಾಗಿ ಮೇಲಕ್ಕೇರಿ ಕಂಡಿಗಳ ಮೂಲಕ ಹೊರಬೀಳುತ್ತದೆ. ಅದರ ಸ್ಥಾನಕ್ಕೆ ಕಿಟಕಿಗಳ ಮೂಲಕ ಹೊರಗಿನ ಗಾಳಿ ಬರುತ್ತದೆ. ಬೀಸಣಿಗೆಯಿಲ್ಲ, ಯಂತ್ರವಿಲ್ಲ, ವಿದ್ಯುಚ್ಛಕ್ತಿಯಿಲ್ಲ. ಬಿಸಿಗಾಳಿ ಮೇಲಕ್ಕೇರುತ್ತದೆ ಎಂದು ನಾವು ಮಾಧ್ಯಮಿಕ ಶಾಲೆಯಲ್ಲಿ ಕಲಿತ ನಿಯಮವೇ ಅಲ್ಲಿ ಸೇವಕನಂತೆ ದುಡಿಯುತ್ತಿದೆ. ಮಾಡಿನ ಸೂರುಗಳನ್ನು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿರುವುದರಿಂದ ಬಿಸಿಲೂ ಮಳೆಯೂ ಗೋಡೆಗೆ ನೇರವಾಗಿ ತಗಲುವುದಿಲ್ಲ.

ಮಣ್ಣಿನ ಗೋಡೆಗೆ ಇನ್ನೊಂದು ಗುಣವುಂಟು. ಅದು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಹಗಲೆಲ್ಲ ಹೊರಮೈಗೆ ಬಿದ್ದ ಬಿಸಿಲು ಒಳಮೈಯನ್ನು ಮುಟ್ಟುವ ವೇಳೆಗೆ ಸಂಜೆಯಾಗಿರುತ್ತದೆ. ವಾಸದ ಮನೆಯಲ್ಲಿ ಇದರಿಂದ ರಾತ್ರಿಯ ಹೊತ್ತು ಸ್ವಲ್ಪ ಸೆಕೆಯಾಗಬಹುದು. ಶಾಲೆಯಾದರೋ ಸಂಜೆಗೆ ಬರಿದಾಗುತ್ತದೆ. ಮಕ್ಕಳು ಮನೆಗೆ ಹೋದಮೇಲೆ ಗೋಡೆಯು ತಾನು ಕೂಡಿಸಿಟ್ಟ ಬಿಸಿಯನ್ನು ಹೊರಕ್ಕೆ ಬಿಟ್ಟು, ರಾತ್ರಿಯೆಲ್ಲ ತಣಿದು, ಬೆಳಗ್ಗೆ ಅವರಿಗಾಗಿ ತಂಪಾಗಿ ಕಾದಿರುತ್ತದೆ. ಹಗಲಿನ ಶಾಲೆಗೆ ಇಷ್ಟು ಒಪ್ಪುವ ವಸ್ತು ಬೇರೊಂದು ದುರ್ಲಭ.

ಇಷ್ಟು ಗುಣಗಳಿದ್ದರೂ ಮೊದಲು ಗಾಂದೊವಿನ ಜನ ಈ ಯೋಜನೆಯನ್ನು ಒಪ್ಪಲಿಲ್ಲ ಎಂಬುದನ್ನು ನಾವು ಗಮನಿಸಬೇಕು. ಕೆರೆಯವರೇ ಆಮೇಲೆ ಒಂದು ಉಪನ್ಯಾಸದಲ್ಲಿ ಇದನ್ನು ವಿನೋದವಾಗಿ ಹೇಳಿಕೊಂಡಿದ್ದಾರೆ. ಮಣ್ಣಿನ ಮನೆ ಒಂದು ಮಳೆಗಾಲವನ್ನು ಕಳೆಯುವುದೇ ಕಷ್ಟವೆಂದು ಊರವರು ತಮ್ಮ ಅನುಭವದಿಂದ ಬಲ್ಲರು. ಅಷ್ಟು ವರ್ಷ ಯೂರೋಪಿನಲ್ಲಿ ಓದಿ ಬಂದ ಮಗ ಮತ್ತೆ ಅದೇ ಮಣ್ಣನ್ನು ತೋರಿಸುತ್ತಾನಲ್ಲ, ಇದಕ್ಕಾಗಿ ಹೊಲದ ಕೆಲಸವನ್ನು ಬಿಟ್ಟು ಅಷ್ಟು ದೂರ ಹೋಗಬೇಕಾಗಿತ್ತೆ ಎಂದು ಅವರಿಗೆ ತೋರಿತು. ಈ ಸಂಶಯವನ್ನು ಅಜ್ಞಾನವೆಂದು ತಳ್ಳಿಹಾಕಲಾಗದು. ಮಣ್ಣಿನ ಗೋಡೆಯನ್ನು ಮಳೆಗಾಲ ಕಳೆದ ಮೇಲೆಲ್ಲ ಮೆತ್ತಿ ಮೆತ್ತಿ ಕೈ ಸೋತವರ ಮಾತು ಅದು. ಮಣ್ಣೆಂದರೆ ಬಡತನ, ಸಿಮೆಂಟೆಂದರೆ ಏಳಿಗೆ ಎಂಬ ಭಾವನೆ ಆಫ್ರಿಕದಲ್ಲಿ ಮಾತ್ರವಲ್ಲ, ನಮ್ಮ ಹಳ್ಳಿಗಳಲ್ಲಿಯೂ ಉಂಟು. ನಮ್ಮ ಪಟ್ಟಣಗಳಲ್ಲಿ ಇನ್ನೂ ಹೆಚ್ಚಾಗಿ ಉಂಟು.

ಕೆರೆಯವರು ಈ ಸಂಶಯವನ್ನು ಕೆಲಸದಿಂದಲೇ ಪರಿಹರಿಸಿದರು. ಊರಿನ ಜನರನ್ನೇ ಕಟ್ಟಲು ಕೂಡಿಸಿಕೊಂಡರು. ಮಕ್ಕಳು ತಳಹದಿಗೆ ಕಲ್ಲುಗಳನ್ನು ಹೊತ್ತು ತಂದರು. ಹೆಂಗಸರು ಇಟ್ಟಿಗೆಯ ಕೆಲಸಕ್ಕೆ ನೀರನ್ನು ಹೊತ್ತರು; ಮಣ್ಣಿನ ನೆಲವನ್ನು ತಮ್ಮ ವಾಡಿಕೆಯಂತೆ ಸಾಲಾಗಿ ಕುಳಿತು ಬಡಿದು ಬಡಿದು ನುಣುಪುಮಾಡಿದರು. ಗಂಡಸರು ಇಟ್ಟಿಗೆಯನ್ನು ಒತ್ತುವುದನ್ನು ಕಲಿತರು. ಮಾಡಿನ ಚೌಕಟ್ಟನ್ನು ಎತ್ತುವುದಕ್ಕೆ ಭಾರಯಂತ್ರಗಳು ಆ ಹಳ್ಳಿಗೆ ಬರುವಂತಿರಲಿಲ್ಲ. ಆದುದರಿಂದ ಸಾಧಾರಣ ಕಬ್ಬಿಣದ ಸಲಾಕೆಗಳನ್ನು ಕೈಗರಗಸದಿಂದ ಕತ್ತರಿಸಿ, ಸಣ್ಣದೊಂದು ಬೆಸುಗೆಯಂತ್ರದಿಂದ ಜೋಡಿಸುವಂತೆ ನಕ್ಷೆಯನ್ನೇ ಬರೆದರು. ಆ ಕತ್ತರಿಸುವ, ಬೆಸೆಯುವ ಕೆಲಸವನ್ನು ಊರವರಿಗೆ ಕಲಿಸಿದರು. ಕೈಗೆ ನಿಲುಕುವ ಕೆಲಸವನ್ನು ಮುಂದಿಟ್ಟುಕೊಂಡು ನಕ್ಷೆಯನ್ನು ಬರೆಯುವುದು ಸಾಮಾನ್ಯ ವಿವೇಕವಲ್ಲ. ನಕ್ಷೆ ಬರೆದ ಮೇಲೆ ಕೆಲಸಗಾರರನ್ನು ಹುಡುಕುವುದೇ ಲೋಕದ ರೂಢಿ.

ಇದರ ಫಲವು ಎರಡು ಬಗೆಯಾಗಿ ಕಂಡಿತು. ಶಾಲೆಯ ಮಕ್ಕಳ ಸಂಖ್ಯೆ ೧೨೦ರಿಂದ ೭೦೦ಕ್ಕೆ ಏರಿತು. ಅದಕ್ಕಾಗಿ ಉಪಾಧ್ಯಾಯರ ಮನೆಗಳನ್ನೂ, ೨೦೦೮ರಲ್ಲಿ ಶಾಲೆಯ ಇನ್ನೊಂದು ಭಾಗವನ್ನೂ ಕಟ್ಟಬೇಕಾಯಿತು. ಇದು ಎಣಿಕೆಗೆ ಸಿಕ್ಕುವ ಫಲ. ಎಣಿಕೆಗೆ ಸಿಕ್ಕದ ಫಲವೆಂದರೆ, ಇಟ್ಟಿಗೆ ಒತ್ತಬಲ್ಲ, ಸಲಾಕೆ ಬೆಸೆಯಬಲ್ಲ ಜನ ಆ ಊರಿನಲ್ಲಿ ತಯಾರಾದುದು. ಇಂಥ ಕೆಲಸವು ಅವರಿಗೆ ಜೀವನೋಪಾಯವೂ ಆಯಿತು. ಶಾಲೆಯ ಗೋಡೆ ಬಿರುಕು ಬಿಟ್ಟರೆ ಅದನ್ನು ಸರಿಮಾಡುವವನು ಅದೇ ಶಾಲೆಯಲ್ಲಿ ಓದುತ್ತಿರುವ ಮಗುವಿನ ತಂದೆ. ಕಟ್ಟಡಕ್ಕೆ ಇದಕ್ಕಿಂತ ಗಟ್ಟಿಯಾದ ತಳಹದಿ ಯಾವುದು?

ಈ ಮಾತನ್ನು ನಾವು ಒತ್ತಿ ಹೇಳಲು ಕಾರಣವುಂಟು. ಮಣ್ಣಿನ ಗುಣವನ್ನು ಕಂಡುಹಿಡಿದವರಲ್ಲಿ ಕೆರೆಯವರು ಮೊದಲಿಗರೇನೂ ಅಲ್ಲ. ಅವರಿಗಿಂತ ಅರ್ಧ ಶತಮಾನ ಹಿಂದೆಯೇ ಈಜಿಪ್ಟಿನ ಹಸನ್ ಫತೀ ಎಂಬ ಮಹಾಶಿಲ್ಪಿಯು ಇದೇ ದಾರಿಯನ್ನು ಹಿಡಿದಿದ್ದರು. ದಕ್ಷಿಣ ಈಜಿಪ್ಟಿನ ಮೇಸ್ತ್ರಿಗಳು ಮರದ ಆಧಾರವೇ ಇಲ್ಲದೆ ಹಸಿ ಇಟ್ಟಿಗೆಯಿಂದ ಕಮಾನುಚಾವಣಿಯನ್ನು ಎಬ್ಬಿಸುವ ಪ್ರಾಚೀನ ವಿದ್ಯೆಯನ್ನು ಉಳಿಸಿಕೊಂಡಿದ್ದರು. ಫತೀಯವರು ಅದನ್ನು ಅವರಿಂದ ಕಲಿತು, ೧೯೪೦ರ ದಶಕದ ನಡುವಿನಲ್ಲಿ ಲಕ್ಸರಿನ ಸಮೀಪದಲ್ಲಿ ಹೊಸ ಗೂರ್ನಾ ಎಂಬ ಊರನ್ನೇ ಮಣ್ಣಿನಲ್ಲಿ ಕಟ್ಟಲು ತೊಡಗಿದರು. ಮಸೀದಿ, ಸಂತೆಯ ಜಾಗ, ನಾಟಕಶಾಲೆ, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಶಾಲೆಗಳು, ಎಲ್ಲವೂ ಆ ಯೋಜನೆಯಲ್ಲಿದ್ದುವು. ಅದರ ಚಿತ್ರಗಳನ್ನು ನೋಡಿದವರು ಇಂದಿಗೂ ಮೆಚ್ಚುತ್ತಾರೆ. ಆದರೆ ಯಾರಿಗಾಗಿ ಆ ಊರನ್ನು ಕಟ್ಟಿದರೋ ಆ ಜನರು ಅಲ್ಲಿಗೆ ಬರಲು ಒಪ್ಪಲಿಲ್ಲ. ಪ್ರಾಚೀನ ಸಮಾಧಿಗಳ ಮೇಲೆ ಅವರು ಮನೆ ಮಾಡಿಕೊಂಡಿದ್ದರು. ಅವರನ್ನು ಅಲ್ಲಿಂದ ಎಬ್ಬಿಸಬೇಕೆಂದು ನಿಶ್ಚಯಿಸಿದವರು ಸರ್ಕಾರದವರು. ಊರು ಅರ್ಧಕ್ಕೇ ನಿಂತಿತು. ಫತೀಯವರು ಈ ಕಥೆಯನ್ನು ತಾವೇ ಒಂದು ಪುಸ್ತಕವಾಗಿ ಬರೆದರು. ಅದು ೧೯೬೯ರಲ್ಲಿ ಹೊರಬಂದು ಲೋಕಪ್ರಸಿದ್ಧವಾಯಿತು.

ಗೂರ್ನಾದಲ್ಲಿ ಮಣ್ಣು ಸೋಲಲಿಲ್ಲ, ಶಿಲ್ಪಿಯ ಪ್ರತಿಭೆಯೂ ಸೋಲಲಿಲ್ಲ. ಊರಿನವರ ಇಷ್ಟವನ್ನು ಕೇಳದೆ ಊರನ್ನು ಕಟ್ಟಹೊರಟ ನಿರ್ಧಾರವು ಸೋತಿತು. ಗಾಂದೊವಿನಲ್ಲಿಯೂ ವಸ್ತು ಮಣ್ಣೇ. ಆದರೆ ಅಲ್ಲಿ ಶಾಲೆ ಬೇಕೆಂಬ ಹಸಿವು ಊರಿನದು, ಕಟ್ಟಿದ ಕೈಗಳು ಊರಿನವು. ಎರಡು ಊರುಗಳ ಭಾಗ್ಯಕ್ಕೂ ಇರುವ ಅಂತರಕ್ಕೆ ಇದೇ ಕಾರಣವೆಂದು ನಮಗೆ ತೋರುತ್ತದೆ.

ಹಾಗೆಂದು ಗಾಂದೊವಿನ ನಕ್ಷೆಯನ್ನೇ ತಂದು ಎಲ್ಲ ಹಳ್ಳಿಗಳಲ್ಲಿಯೂ ಕಟ್ಟಿಬಿಡಬಹುದೆ? ಹಾಗೆ ಮಾಡಿದರೆ ಸಿಮೆಂಟಿನ ಒಂದೇ ನಕ್ಷೆಯ ಬದಲು ಮಣ್ಣಿನ ಒಂದೇ ನಕ್ಷೆಯಾಯಿತು, ಅಷ್ಟೆ. ಒಂದೊಂದು ಸೀಮೆಯ ಮಣ್ಣು ಬೇರೆ, ಮಳೆ ಬೇರೆ, ಕೈಕಸಬು ಬೇರೆ. ಇದಕ್ಕೆ ನಿದರ್ಶನವಾಗಿ ನಮಗೆ ಸಮೀಪದ ಇನ್ನೊಂದು ಶಾಲೆಯನ್ನು ನೋಡೋಣ.

ಬಾಂಗ್ಲಾದೇಶದ ಉತ್ತರ ಭಾಗದಲ್ಲಿ, ದಿನಾಜಪುರ ಜಿಲ್ಲೆಯಲ್ಲಿ, ರುದ್ರಪುರವೆಂಬ ಹಳ್ಳಿಯಿದೆ. ಅಲ್ಲಿ ದೀಪಶಿಖಾ ಎಂಬ ಗ್ರಾಮಸೇವಾಸಂಸ್ಥೆಯು ನಡೆಸುವ ಶಾಲೆಗೆ ೨೦೦೫ರಲ್ಲಿ ಒಂದು ಕಟ್ಟಡವೆದ್ದಿತು. ಅದರ ನಕ್ಷೆಯನ್ನು ಬರೆದವರು ಜರ್ಮನಿಯ ಅನ್ನ ಹೆರಿಂಗರ್ ಎಂಬಾಕೆ. ಜೊತೆಗೆ ಐಕೆ ರೋಸ್ವಾಗ್ ಎಂಬ ಶಿಲ್ಪಿ. ಆಕೆ ೧೯೯೭ರಲ್ಲಿ ಹತ್ತೊಂಬತ್ತು ವರ್ಷದ ಸ್ವಯಂಸೇವಕಿಯಾಗಿ ಆ ದೇಶಕ್ಕೆ ಬಂದು, ಅಲ್ಲಿಯ ಜನರ ನಡುವೆ ಇದ್ದು, ಆಮೇಲೆ ವಾಸ್ತುಶಿಲ್ಪವನ್ನು ಓದಿದವರು. ಆ ಸೀಮೆಯಲ್ಲಿ ಮಳೆ ಹೆಚ್ಚು, ಬಿದಿರು ಹೇರಳ, ಮಣ್ಣಿನ ಮನೆಯನ್ನು ಕಟ್ಟುವ ವಾಡಿಕೆಯೂ ಉಂಟು. ಆದರೆ ಆ ಮನೆಗಳಿಗೆ ತಳಹದಿ ಇಲ್ಲದೆ ನೆಲದ ತೇವವು ಗೋಡೆಗೇರಿ ಅವು ಬೇಗ ಕುಸಿಯುತ್ತಿದ್ದುವು. ಹೆರಿಂಗರ್ ಅವರು ಆ ವಾಡಿಕೆಯನ್ನು ಬಿಡಿಸದೆ, ಅದರ ಕೊರತೆಯನ್ನು ಮಾತ್ರ ತಿದ್ದಿದರು. ಕೆಳಗೆ ಇಟ್ಟಿಗೆಯ ತಳಹದಿಯನ್ನು ಹಾಕಿ, ಅದರ ಮೇಲೆ ತೇವವನ್ನು ತಡೆಯುವ ಒಂದು ಪದರವನ್ನು ಹಾಸಿದರು. ಮಣ್ಣಿಗೆ ಹುಲ್ಲನ್ನು ಬೆರಸಿ, ದನಗಳಿಂದ ತುಳಿಸಿ ಹದಮಾಡಿ, ದಪ್ಪಗೋಡೆಯನ್ನು ವರಸೆ ವರಸೆಯಾಗಿ ಏರಿಸಿದರು. ಒಂದೊಂದು ವರಸೆಯೂ ಕೆಲವು ದಿನ ಒಣಗಿದ ಮೇಲೆ ಹರಿತವಾದ ಗುದ್ದಲಿಯಿಂದ ಅದರ ಮೈಯನ್ನು ಸವರಿ ನೇರಮಾಡಿದರು. ಮೇಲಂತಸ್ತು ಬಿದಿರಿನದು. ಅದರ ಚಾವಣಿಗೆ ಆ ನಾಡಿನ ಹೆಂಗಸರು ಉಡುವ ಸೀರೆಗಳನ್ನೇ ಹರಡಿದರು. ಕೆಳಗಿನ ಕೊಠಡಿಗಳ ಹಿಂದೆ ಮಣ್ಣಿನಲ್ಲಿಯೇ ಮೆತ್ತಿದ ಸಣ್ಣ ಗುಹೆಗಳಿವೆ. ಮಕ್ಕಳು ಅವುಗಳಲ್ಲಿ ನುಸುಳಿ, ಒರಗಿ, ಒಂಟಿಯಾಗಿಯೋ ಜೊತೆಯಾಗಿಯೋ ಓದಿಕೊಳ್ಳಬಹುದು. ಇಂಥ ಸುಖವನ್ನು ನಕ್ಷೆಯಲ್ಲಿ ಸೇರಿಸಬೇಕೆಂದು ಯಾವ ಅಂದಾಜುಪಟ್ಟಿಗೂ ಹೊಳೆಯದು. ೨೦೦೭ರಲ್ಲಿ ಈ ಶಾಲೆಗೂ ಆಗಾ ಖಾನ್ ಪ್ರಶಸ್ತಿ ಬಂದಿತು.

ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಮಣ್ಣುಗೋಡೆಯ ಹಳೆಯ ಮನೆಗಳು ಶತಮಾನಗಳಿಂದ ನಿಂತಿವೆ. ಅಲ್ಲಿಯ ಜನ ಹೇಳುವುದೇನೆಂದರೆ, ಮಣ್ಣಿನ ಗೋಡೆಗೆ ತಲೆಗೊಂದು ಟೋಪಿ, ಕಾಲಿಗೊಂದು ಜೊತೆ ಮೆಟ್ಟು ಇದ್ದರೆ ಅದಕ್ಕೆ ಸಾವಿಲ್ಲ. ಗಾಂದೊವಿನ ಅಗಲವಾದ ಮಾಡು, ರುದ್ರಪುರದ ಇಟ್ಟಿಗೆಯ ತಳಹದಿ, ಎರಡೂ ಈ ಮಾತಿನ ವ್ಯಾಖ್ಯಾನಗಳೇ. ಮಣ್ಣಿಗೆ ಶತ್ರು ನೀರೊಂದೇ: ಮೇಲಿನಿಂದ ಬೀಳುವ ನೀರು, ಕೆಳಗಿನಿಂದ ಏರುವ ನೀರು. ಈ ಎರಡನ್ನೂ ತಡೆದರೆ ಉಳಿದುದನ್ನು ಮಣ್ಣು ತಾನೇ ನೋಡಿಕೊಳ್ಳುತ್ತದೆ.

ಇನ್ನು ಇದರಿಂದ ನಮಗೇನು ಎಂದು ಶ್ರೋತೃಗಳು ಕೇಳಬಹುದು. ಗಾಂದೊವಿನಲ್ಲಿ ಬಳಸಿದ ಬಗೆಯ ಇಟ್ಟಿಗೆ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು ಹಳ್ಳಿಗಳ ಅಗತ್ಯಕ್ಕೆ ವಿಜ್ಞಾನವನ್ನು ಒದಗಿಸಬೇಕೆಂದು ಆಸ್ತ್ರ ಎಂಬ ಕೇಂದ್ರವನ್ನು ಆರಂಭಿಸಿದರು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬ ಹಳ್ಳಿಯಲ್ಲಿ ಅದರ ಪ್ರಯೋಗಕೇಂದ್ರವಿದ್ದಿತು. ಪ್ರೊಫೆಸರ್ ಕೆ. ಎಸ್. ಜಗದೀಶ್ ಮೊದಲಾದವರು ಮಣ್ಣಿನ ಇಟ್ಟಿಗೆಯನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿ, ಕೈಯಿಂದ ಒತ್ತುವ ಯಂತ್ರವನ್ನು ಬಳಕೆಗೆ ತಂದರು. ಸಾಮಾನ್ಯವಾಗಿ ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟನ್ನು ಬೆರಸಿ, ಒತ್ತಿ, ಕೆಲವು ವಾರಗಳವರೆಗೆ ನೀರು ಚಿಮುಕಿಸಿ ನೆನಸಿದರೆ ಆ ಇಟ್ಟಿಗೆಯು ಮಳೆಗೆ ಕರಗದೆ ನಿಲ್ಲುತ್ತದೆ. ಇದಕ್ಕೆ ನಮ್ಮ ಹಳೆಯ ಮೈಸೂರು ಸೀಮೆಯ ಕೆಮ್ಮಣ್ಣು ಚೆನ್ನಾಗಿ ಒಪ್ಪುತ್ತದೆ. ಧಾರವಾಡ, ವಿಜಯಪುರಗಳ ಕಡೆಯ ಎರೆಮಣ್ಣು ಹಾಗಲ್ಲ. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದಕ್ಕೆ ಸುಣ್ಣದ ಸಂಸ್ಕಾರ ಬೇಕು, ಇಲ್ಲವೆ ಆ ಸೀಮೆಯ ಕಲ್ಲನ್ನೇ ಆಶ್ರಯಿಸಬೇಕು. ಕರಾವಳಿಯಲ್ಲಿ ಕೆಂಪುಕಲ್ಲೂ ಹೆಂಚೂ ಇರುವಾಗ ಮಣ್ಣಿನ ಇಟ್ಟಿಗೆಯ ಗೊಡವೆಯೇ ಬೇಡ. ಊರಿನ ಕಾಲ ಕೆಳಗೆ ಇರುವುದೇನು ಎಂದು ಮೊದಲು ನೋಡುವುದೇ ಈ ವಿದ್ಯೆಯ ಮೊದಲ ಸೂತ್ರ.

ಸರ್ಕಾರದ ನಿಯಮಗಳು ಇದಕ್ಕೆ ಅಡ್ಡಿ ಎಂದು ಕೆಲವರು ಹೇಳುವುದುಂಟು. ಆದರೆ ಭಾರತೀಯ ಮಾನಕ ಸಂಸ್ಥೆಯು ಇಂಥ ಮಣ್ಣಿನ ಇಟ್ಟಿಗೆಗಳಿಗೆ ಪ್ರಮಾಣವನ್ನು ಗೊತ್ತುಮಾಡಿ, ೧೯೮೨ರಲ್ಲಿಯೂ ಮತ್ತೆ ೨೦೧೩ರಲ್ಲಿಯೂ ಪರಿಷ್ಕರಿಸಿ ಪ್ರಕಟಿಸಿದೆ. ಶಾಸ್ತ್ರದ ಒಪ್ಪಿಗೆಯುಂಟು, ಬೇಕಾಗಿರುವುದು ಮನಸ್ಸಿನ ಒಪ್ಪಿಗೆ. ಲೋಕದಲ್ಲಿ ಮನುಷ್ಯನ ಕೆಲಸಗಳಿಂದ ವಾತಾವರಣಕ್ಕೆ ಸೇರುವ ಇಂಗಾಲಾಮ್ಲ ವಾಯುವಿನಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನ ತಯಾರಿಕೆಯಿಂದಲೇ ಬರುತ್ತದೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಆ ವಾಯುವು ಹೆಚ್ಚಿದಷ್ಟೂ ಭೂಮಿಯ ಬೇಗೆ ಹೆಚ್ಚುತ್ತದೆ. ಅಂದಮೇಲೆ ಇಂದಿನ ಮಗುವಿಗೆ ಸೆಕೆಯ ಕೊಠಡಿಯನ್ನು ಕಟ್ಟಿಕೊಡುವುದಲ್ಲದೆ, ಅದರಿಂದಲೇ ನಾಳಿನ ಮಗುವಿನ ಬೇಸಗೆಯನ್ನೂ ಹೆಚ್ಚಿಸುವುದು ಯಾವ ನ್ಯಾಯ?

ಇಷ್ಟು ಹೇಳಿದರೂ ನಾವು ಮಣ್ಣಿನ ಮತವನ್ನು ಸ್ಥಾಪಿಸಲು ಬಂದವರಲ್ಲ. ಗಾಂದೊವಿನ ಶಾಲೆಯಲ್ಲಿ ಸಿಮೆಂಟೂ ಇದೆ, ಕಬ್ಬಿಣವೂ ಇದೆ, ತಗಡೂ ಇದೆ. ಎಲ್ಲಿ ಬೇಕೋ ಅಲ್ಲಿ, ಎಷ್ಟು ಬೇಕೋ ಅಷ್ಟು. ಮಣ್ಣಿನ ಕೆಲಸಕ್ಕೆ ಕೈಗಳು ಹೆಚ್ಚು ಬೇಕು, ಕಾಲವೂ ಹೆಚ್ಚು ಬೇಕು, ಮೇಲ್ವಿಚಾರಣೆ ಎಚ್ಚರಿಕೆಯಿಂದ ನಡೆಯಬೇಕು. ಹದ ತಪ್ಪಿದ ಮಣ್ಣು ಹದ ತಪ್ಪಿದ ಸಿಮೆಂಟಿಗಿಂತ ಬೇಗ ಕೆಡುತ್ತದೆ. ಬಿಡುವಿಲ್ಲದ ಕೂಲಿಯ ಜನರನ್ನು ಊರಿನ ಕೆಲಸವೆಂಬ ಹೆಸರಿನಲ್ಲಿ ಬಿಟ್ಟಿಗೆ ದುಡಿಸಿಕೊಂಡರೆ ಅದೂ ಅನ್ಯಾಯವೇ. ಇವುಗಳನ್ನೆಲ್ಲ ತೂಗಿ ನೋಡಿಯೇ ಕೆಲಸಕ್ಕೆ ಕೈ ಹಾಕಬೇಕು.

ನಮ್ಮ ಹಿರಿಯರಿಗೆ ಈ ವಿವೇಕವಿದ್ದಿತು. ನಮ್ಮ ಶಾಸನಗಳನ್ನು ಓದಿದವರು ಬಲ್ಲರು: ಕೆರೆಯನ್ನು ಕಟ್ಟಿಸಿದವನ ಕೀರ್ತಿಯನ್ನು ಹೇಳುವ ಕಲ್ಲುಗಳಲ್ಲಿ ಆ ಕೆರೆಯ ರಕ್ಷಣೆಗೆಂದು ಬಿಟ್ಟ ಭೂಮಿಯ ವಿವರವೂ ಅನೇಕ ವೇಳೆ ಇರುತ್ತದೆ. ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರುಗಳು ಅಂಥ ದಾನಗಳವು. ಏರಿ ಒಡೆಯುತ್ತದೆ, ಹೂಳು ತುಂಬುತ್ತದೆ, ತೂಬು ಸಡಿಲವಾಗುತ್ತದೆ ಎಂಬುದನ್ನು ಕಟ್ಟುವ ದಿನವೇ ನೆನೆದು, ಅದಕ್ಕೆ ತಕ್ಕ ಏರ್ಪಾಡನ್ನು ಅವರು ಮಾಡಿಟ್ಟರು. ಕೆರೆ ಕಟ್ಟಿದ ಪುಣ್ಯ ಎಷ್ಟೋ, ಕಟ್ಟಿದ ಕೆರೆಯನ್ನು ಕಾಯುವ ಪುಣ್ಯವೂ ಅಷ್ಟೇ ಎಂದು ತಿಳಿದಿದ್ದ ಜನ ಅವರು. ಇಂದು ಶಾಲೆಯನ್ನು ಕಟ್ಟಿಸುವವರ ಹೆಸರು ಗೋಡೆಯ ಮೇಲಿನ ಅಮೃತಶಿಲೆಯಲ್ಲಿ ಉಳಿಯುತ್ತದೆ. ಆ ಗೋಡೆಯನ್ನು ನೋಡಿಕೊಳ್ಳುವವರ ಮಾತು ಯಾವ ಶಿಲೆಯಲ್ಲಿಯೂ ಇರುವುದಿಲ್ಲ.

ಪಟ್ಟಣಗಳಲ್ಲಿರುವ ನಮ್ಮಲ್ಲಿ ಅನೇಕರು ಹುಟ್ಟಿದ ಊರಿನ ಶಾಲೆಗೆ ಒಂದು ಕೊಠಡಿಯನ್ನು ಕಟ್ಟಿಸಿಕೊಡಬೇಕೆಂಬ ಆಸೆಯನ್ನು ಇಟ್ಟುಕೊಂಡಿದ್ದೇವೆ. ಅದು ಒಳ್ಳೆಯ ಆಸೆ. ಹಣವನ್ನು ಕೊಡುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಬಹುದೆಂದು ನಾವು ಸೂಚಿಸುತ್ತೇವೆ. ಬೇಸಗೆಯ ಮಧ್ಯಾಹ್ನ ಎರಡು ಗಂಟೆಯಲ್ಲಿ ಈ ಕೊಠಡಿಯೊಳಗೆ ಮಗುವೊಂದು ಸುಖವಾಗಿ ಕುಳಿತಿರಬಲ್ಲುದೆ? ಇದಕ್ಕೆ ಬೇಕಾದ ವಸ್ತುಗಳಲ್ಲಿ ಎಷ್ಟು ಪಾಲು ಊರಿನ ಸುತ್ತಮುತ್ತಲೇ ದೊರೆಯುತ್ತದೆ? ಹತ್ತು ವರ್ಷಗಳ ಮೇಲೆ ಇದು ಸೋರಿದರೆ ಮೇಲೆ ಹತ್ತಿ ಸರಿಮಾಡಬಲ್ಲವರು ಊರಿನಲ್ಲಿ ಎಷ್ಟು ಮಂದಿ ಇದ್ದಾರೆ? ಮೊದಲಿನ ಎರಡು ಪ್ರಶ್ನೆಗಳಿಗೆ ಇಂಜಿನಿಯರು ಉತ್ತರ ಹೇಳಬಲ್ಲರು. ಮೂರನೆಯದಕ್ಕೆ ಉತ್ತರ ಬೇಕಾದರೆ ಊರಿನ ಕಟ್ಟೆಯ ಮೇಲೆ ಹೋಗಿ ಕುಳಿತುಕೊಳ್ಳಬೇಕು.

ಕೆರೆಯವರು ಹೇಳಿದ ಇನ್ನೊಂದು ಸಂಗತಿಯನ್ನು ಹೇಳಿ ಈ ಮಾತನ್ನು ಮುಗಿಸುತ್ತೇವೆ. ಹುಡುಗನಾಗಿದ್ದಾಗ ರಜ ಮುಗಿದು ಊರಿನಿಂದ ಹೊರಡುವಾಗಲೆಲ್ಲ ಅವರು ಮನೆ ಮನೆಗೂ ಹೋಗಿ ಹೇಳಿಬರಬೇಕಾಗಿತ್ತಂತೆ. ಊರಿನ ಹೆಂಗಸರು ಸೆರಗಿನ ಗಂಟನ್ನು ಬಿಚ್ಚುವಂತೆ ತಮ್ಮ ಉಡುಗೆಯೊಳಗಿಂದ ಕೊನೆಯ ಕಾಸನ್ನು ತೆಗೆದು ಅವರ ಕೈಯಲ್ಲಿಡುತ್ತಿದ್ದರು. ಇದೇಕೆಂದು ಹುಡುಗನು ತಾಯಿಯನ್ನು ಕೇಳಿದಾಗ, ನಿನ್ನ ಓದಿಗಾಗಿ ಅವರೆಲ್ಲರೂ ಕೊಡುತ್ತಿದ್ದಾರೆ, ನೀನು ಓದಿ ಮುಂದೆ ಬಂದು ಊರಿನ ಬಾಳನ್ನು ಹಸನುಮಾಡುವೆಯೆಂದು ನಂಬಿ ಕೊಡುತ್ತಿದ್ದಾರೆ ಎಂದು ಆಕೆ ತಿಳಿಸಿದರಂತೆ. ಕಾಲೇಜುಗಳಲ್ಲಿ ಓದಿದ ನಮ್ಮಲ್ಲಿ ಬಹುಮಂದಿಯ ಓದಿನ ಹಿಂದೆಯೂ ಯಾವುದೋ ಹಳ್ಳಿಯ ಯಾರೋ ಒಬ್ಬರು ಕೊಟ್ಟ ಕಾಸು ಇದೆ. ಅದನ್ನು ಹಿಂದಿರುಗಿಸುವ ಬಗೆಗಳು ಅನೇಕ. ಊರಿನವರೇ ಕಟ್ಟಿ ಊರಿನವರೇ ಕಾಯಬಲ್ಲ, ಬೇಸಗೆಯಲ್ಲಿಯೂ ತಣ್ಣಗಿರುವ ಒಂದು ಶಾಲೆಯ ಕೊಠಡಿ ಅವುಗಳಲ್ಲಿ ಒಂದು.